ಮುಚ್ಚಳದ ಮೇಲಿನ ಅಂಕಿ

ಸೋಮವಾರ ಸಂಜೆ ನಾಲ್ಕೂಕಾಲಿಗೆ ವರದಿ ಬಂತು. ಒಂದನೇ ಹಾಸಿಗೆ: ಕ್ರಿಮಿ ಇದೆ. ಎರಡನೇ ಹಾಸಿಗೆ: ಕ್ರಿಮಿ ಇಲ್ಲ.

ನರ್ಸ್ ಅದನ್ನು ಬಾಗಿಲಿನ ಹೊರಗೆ ನಿಂತೇ ಓದಿದರು. ಕ್ಷಯರೋಗಿಗಳನ್ನು ಬೇರೆಯಾಗಿಡುವ ಆ ಕೋಣೆಯ ಬಾಗಿಲಿಗೆ ಎದೆಯ ಎತ್ತರದಲ್ಲಿ ಒಂದು ಕಿಂಡಿ ಇತ್ತು. ಊಟ, ಮಾತ್ರೆ, ವರದಿ ಎಲ್ಲವೂ ಅದರಿಂದಲೇ ಬರುತ್ತಿದ್ದವು. ಚಿಲಕ ಇದ್ದದ್ದು ಹೊರಗಡೆ. ಒಳಗೆ ಎರಡು ಹಾಸಿಗೆ, ಸರಳು ಹಾಕಿದ ಒಂದು ಕಿಟಕಿ, ಒಳಗಿನ ಗಾಳಿಯನ್ನು ಹೊರಗೆ ತಳ್ಳುತ್ತ ಎಡೆಬಿಡದೆ ತಿರುಗುವ ಒಂದು ಫ್ಯಾನು. ಕೋಣೆ ಉದ್ದಕ್ಕೆ ಹದಿನೈದು ಹೆಜ್ಜೆ, ಅಗಲಕ್ಕೆ ಒಂಬತ್ತು. ಒಂದನೇ ಹಾಸಿಗೆಯವಳು ಅದನ್ನು ಬಂದ ಮೊದಲ ವಾರವೇ ಅಳೆದಿದ್ದಳು. ಅವಳು ಬಂದು ಏಳು ವಾರವಾಗಿತ್ತು.

ಅವಳಿಗೆ ಮೂವತ್ತೊಂದು ವರ್ಷ. ಬೂಟು ಕಾರ್ಖಾನೆಯಲ್ಲಿ ಜೋಡಿ ಮಾಡುವ ಕೆಲಸ. ಒಂದೇ ಅಳತೆಯ, ಒಂದೇ ಬಣ್ಣದ, ಒಂದೇ ತರಹದ ಚರ್ಮದ ಎಡಗಾಲು ಬಲಗಾಲನ್ನು ಹುಡುಕಿ ಪೆಟ್ಟಿಗೆಗೆ ಹಾಕಿ ಮುಚ್ಚಬೇಕು. ಅದನ್ನು ಕೇಳಿದ ದಿನವೇ ಎರಡನೇ ಹಾಸಿಗೆಯವರು ಅವಳಿಗೆ ಬೂಟಮ್ಮ ಎಂದು ಹೆಸರಿಟ್ಟರು. ನರ್ಸುಗಳ ಬಾಯಲ್ಲೂ ಅದೇ ನಿಂತಿತು.

ಎರಡನೇ ಹಾಸಿಗೆಯವರು ಸಿಟಿ ಬಸ್ಸಿನ ಕಂಡಕ್ಟರು. ವಯಸ್ಸು ಐವತ್ನಾಲ್ಕು, ಸರ್ವಿಸು ಇಪ್ಪತ್ತಾರು ವರ್ಷ. ಅವರು ಬಂದು ಮೂರು ವಾರವಾಗಿತ್ತು. ಬೂಟಮ್ಮ ಅವರನ್ನು ಅಕ್ಕ ಎನ್ನುತ್ತಿದ್ದಳು.

"ಎರಡನೇ ಹಾಸಿಗೆ, ಬುಧವಾರ ಡಾಕ್ಟರ್ ಬಂದು ಸಹಿ ಹಾಕ್ತಾರೆ. ಮನೆಗೆ ತಿಳಿಸಿಬಿಡಿ," ಎಂದರು ನರ್ಸ್.

"ತಿಳಿಸೋದೇನು ಸಿಸ್ಟರ್, ಕಿಟಕೀಲಿ ಕೂಗ್ತೀನಿ. ಇಪ್ಪತ್ತಾರು ವರ್ಷ ಕೂಗಿದ ಗಂಟಲಿದು, ಮಗಳ ಮನೆಗೆ ಇಲ್ಲಿಂದಲೇ ಕೇಳಿಸತ್ತೆ." ಅಷ್ಟು ಹೇಳಿ ಕಂಡಕ್ಟರ್ ಅಕ್ಕ ಬೂಟಮ್ಮನ ಕಡೆ ತಿರುಗಿದರು. "ಏನೇ, ಮುಖ ಯಾಕೆ ಹಾಗೆ ಮಾಡ್ಕೊಂಡೆ? ನನ್ನ ಸ್ಟಾಪ್ ಬಂತು, ಇಳಿತಿದೀನಿ. ನಿಂದು ಮುಂದಿಂದು."

"ನಂದು ಕೊನೇ ಸ್ಟಾಪ್ ಇರ್ಬೇಕು ಅಕ್ಕ."

"ಕೊನೇ ಸ್ಟಾಪಲ್ಲಾದ್ರೂ ಇಳಿಸ್ತಾರಲ್ವಾ? ಡಿಪೋದಲ್ಲಿ ಹಾಕಿ ಬೀಗ ಜಡಿಯಲ್ಲ."

ಬೂಟಮ್ಮ ನಗಲಿಲ್ಲ. ಬೀಗ ಜಡಿಯುವ ದಿನ ಆಗಲೇ ಗೊತ್ತಾಗಿತ್ತು. ಕೋಣೆಯ ನಿಯಮದ ಪ್ರಕಾರ, ಒಂದರ ಹಿಂದೆ ಒಂದು ಎರಡು ಸಲ ಕಫದಲ್ಲಿ ಕ್ರಿಮಿ ಕಾಣದಿದ್ದರೆ ಮನೆಗೆ ಬಿಡುತ್ತಿದ್ದರು. ಸೋಮವಾರ ಮತ್ತು ಗುರುವಾರ ಪರೀಕ್ಷೆ. ಕಂಡಕ್ಟರ್ ಅಕ್ಕನಿಗೆ ಎರಡು ಸಲ ಕ್ರಿಮಿ ಕಾಣಲಿಲ್ಲ. ಬೂಟಮ್ಮನಿಗೆ ಪ್ರತಿ ಸಲವೂ ಕಂಡಿತ್ತು. ಮಾತ್ರೆಗಳಿಗೆ ರೋಗ ಬಗ್ಗುತ್ತಿಲ್ಲ, ಈ ಗುರುವಾರವೂ ಹೀಗೇ ಆದರೆ ಶನಿವಾರ ದೊಡ್ಡ ಆಸ್ಪತ್ರೆಗೆ ಕಳಿಸುವುದು ಎಂದು ಡಾಕ್ಟರ್ ಹೇಳಿದ್ದರು. ಅದು ಮುನ್ನೂರು ಕಿಲೋಮೀಟರ್ ದೂರ. ಅಲ್ಲಿ ಕನಿಷ್ಠ ಆರು ತಿಂಗಳು, ದಿನಕ್ಕೊಂದು ಇಂಜೆಕ್ಷನ್. ಆ ಇಂಜೆಕ್ಷನ್ನಿನಿಂದ ಕೆಲವರ ಕಿವಿ ಹೋಗುತ್ತದೆ. ಡಾಕ್ಟರ್ ಅದನ್ನು ಮುಚ್ಚಿಡಲಿಲ್ಲ. ಮುಚ್ಚಿಟ್ಟರೂ ಪ್ರಯೋಜನವಿರಲಿಲ್ಲ. ದೊಡ್ಡ ಆಸ್ಪತ್ರೆಯಿಂದ ವಾಸಿಯಾಗಿ ಬಂದ ಬಡಗಿಯೊಬ್ಬರು ತಿಂಗಳಿಗೊಮ್ಮೆ ತೋರಿಸಿಕೊಳ್ಳಲು ಬರುತ್ತಿದ್ದರು, ನರ್ಸ್ ಅವರಿಗೆ ಹೇಳಬೇಕಾದದ್ದನ್ನೆಲ್ಲ ಹಾಳೆಯ ಮೇಲೆ ಬರೆದು ತೋರಿಸುತ್ತಿದ್ದುದು ಕಿಂಡಿಯಿಂದ ಕಾಣುತ್ತಿತ್ತು.

ಬೂಟಮ್ಮನ ಮಗಳಿಗೆ ಆರು ವರ್ಷ. ಮಕ್ಕಳನ್ನು ಮೇಲೆ ಬಿಡುತ್ತಿರಲಿಲ್ಲ. ಏಳು ವಾರದಿಂದ ಮಗಳೆಂದರೆ ಸಂಜೆ ಐದು ಗಂಟೆಗೆ ಫೋನಿನಲ್ಲಿ ಬರುವ ಒಂದು ದನಿ, ಅಷ್ಟೆ.

ಅವಳಿಗೂ ಡಾಕ್ಟರಿಗೂ ಅರ್ಥವಾಗದ ಸಂಗತಿ ಒಂದಿತ್ತು. ಬೂಟಮ್ಮನ ಜ್ವರ ಬಿಟ್ಟು ತಿಂಗಳಾಗಿತ್ತು. ಮೂರು ಕಿಲೋ ತೂಕ ಬಂದಿತ್ತು. ಕೆಮ್ಮು ಬೆಳಿಗ್ಗೆ ಒಂದೆರಡು ಸಲ ಮಾತ್ರ. ಕಂಡಕ್ಟರ್ ಅಕ್ಕ ಇದೇ ಮೂರು ವಾರದಲ್ಲಿ ಒಂದೂವರೆ ಕಿಲೋ ಇಳಿದಿದ್ದರು. ಕೇಳಿದರೆ, "ಇಲ್ಲಿನ ಊಟ ತಿಂದು ದಪ್ಪ ಆದೋರನ್ನ ನಾನು ಕಾಣೆ, ಇವಳೊಬ್ಬಳನ್ನ ಬಿಟ್ಟು," ಎನ್ನುತ್ತಿದ್ದರು.

ಕೋಣೆಯ ಕಿಟಕಿಗೆ ಎದುರಾಗಿ, ಹದಿನೈದು ಅಡಿಯ ಅಂಗಳದಾಚೆ, ಅದೇ ಮಹಡಿಯಲ್ಲಿ ಲ್ಯಾಬಿನ ಕಿಟಕಿ ಇತ್ತು. ಬೆಳಕಿಗಾಗಿ ಕೆಲಸದ ಮೇಜನ್ನು ಕಿಟಕಿಗೆ ಒತ್ತಿ ಹಾಕಿದ್ದರು. ಬೂಟಮ್ಮನಿಗೆ ನೋಡಲು ಇದ್ದದ್ದು ಅದೊಂದೇ. ಹತ್ತು ವರ್ಷ ಕೈಗಳನ್ನೂ ಪೆಟ್ಟಿಗೆಗಳನ್ನೂ ನೋಡಿದವಳು ಇಲ್ಲಿಯೂ ಕೈಗಳನ್ನೇ ನೋಡಿದಳು. ಮೊದಲು ಅಲ್ಲಿ ಬಿಳಿ ಕೂದಲಿನ ಹೆಂಗಸೊಬ್ಬರು ಇದ್ದರು. ಅವರು ನಿವೃತ್ತರಾದ ಮೇಲೆ, ಈಗ್ಗೆ ತಿಂಗಳ ಹಿಂದೆ, ಕನ್ನಡಕದ ಟೆಕ್ನೀಷಿಯನ್ ಬಂದರು. ಮಧ್ಯವಯಸ್ಸಿನವರು, ಚುರುಕು. ಹಳಬರಿಗೆ ಒಂದು ಗಂಟೆ ಹಿಡಿಯುತ್ತಿದ್ದ ಕೆಲಸ ಇವರಿಗೆ ನಲವತ್ತು ನಿಮಿಷ.

ಮಂಗಳವಾರ ಬೆಳಿಗ್ಗೆ ತಿಂಡಿಯಾದ ಮೇಲೆ ಬೂಟಮ್ಮ ಇಬ್ಬರ ಮಾತ್ರೆ ಡಬ್ಬಿಗಳನ್ನು ತೊಳೆದು ಒರೆಸುತ್ತಿದ್ದಳು. ತನ್ನ ಡಬ್ಬಿಯ ಮುಚ್ಚಳ ತೆಗೆದು ಸ್ಟೂಲಿನ ಮೇಲಿಟ್ಟಳು. ಅಕ್ಕನ ಡಬ್ಬಿಯ ಮುಚ್ಚಳ ತೆಗೆದು, ಸ್ಟೂಲಿನಲ್ಲಿ ಜಾಗವಿಲ್ಲದ್ದರಿಂದ, ಮೊದಲಿನದರ ಮೇಲೆ ಪೇರಿಸಿದಳು. ಒರೆಸಿಯಾದ ಮೇಲೆ ಮೇಲಿನ ಮುಚ್ಚಳ ತೆಗೆದು ಎಡಗಡೆಯ ಡಬ್ಬಿಗೆ ಹಾಕಿದಳು. ಅದು ಅವಳ ಡಬ್ಬಿ. ಮುಚ್ಚಳ ಅಕ್ಕನದು.

ಅವಳು ಮುಚ್ಚಳ ತೆಗೆದು, ಮತ್ತೆ ಅದನ್ನೇ ಮಾಡಿದಳು. ಆಮೇಲೆ ಹಾಸಿಗೆಯ ಮೇಲೆ ಕೂತಳು.

ಟೆಕ್ನೀಷಿಯನ್ ಹೀಗೇ ಮಾಡುತ್ತಿದ್ದರು. ಆರೇಳು ಸಲ ನೋಡಿದ್ದಳು, ಒಂದು ಸಲವೂ ತಪ್ಪಿರಲಿಲ್ಲ. ಕೋಣೆಯ ಟ್ರೇಯಲ್ಲಿ ಎರಡು ಕಫದ ಡಬ್ಬಿ ಹೋಗುತ್ತಿದ್ದವು, ಎಡಕ್ಕೆ ಒಂದನೆಯದು, ಬಲಕ್ಕೆ ಎರಡನೆಯದು. ಮೇಲಿನಿಂದ ನೋಡಿದರೆ ಕಾಣಲಿ ಎಂದು ನರ್ಸುಗಳು ಹಾಸಿಗೆಯ ಅಂಕಿಯನ್ನು ಮುಚ್ಚಳದ ಮೇಲೆ ಬರೆಯುತ್ತಿದ್ದರು. ಡಬ್ಬಿಯ ಮೈಗೆ ಏನೂ ಬರೆಯುತ್ತಿರಲಿಲ್ಲ, ಸ್ಪಿರಿಟ್ಟಿನಿಂದ ಒರೆಸಿದಾಗ ಅಳಿಸುತ್ತದೆ ಎಂದು. ಹಳೆಯ ಹೆಂಗಸು ಒಂದು ಡಬ್ಬಿ ತೆರೆದು, ಕಫವನ್ನು ಪರೀಕ್ಷೆಯ ಗಾಜಿನ ಬಿಲ್ಲೆಯ ಮೇಲೆ ಸವರಿ, ಡಬ್ಬಿಯನ್ನು ಮುಚ್ಚಿ, ಆಮೇಲೆ ಇನ್ನೊಂದನ್ನು ಮುಟ್ಟುತ್ತಿದ್ದರು. ಹೊಸಬರು ಎರಡನ್ನೂ ಒಟ್ಟಿಗೆ ತೆರೆಯುತ್ತಿದ್ದರು. ಮುಚ್ಚಳಗಳನ್ನು ಒಂದರ ಮೇಲೊಂದು ಇಡುತ್ತಿದ್ದರು. ಎರಡು ಗಾಜಿಗೂ ಸವರಿ, ಎಡದಿಂದ ಮುಚ್ಚುತ್ತ ಬರುತ್ತಿದ್ದರು. ಎಲ್ಲ ಮುಗಿದ ಮೇಲೆ ಮುಚ್ಚಳದ ಅಂಕಿ ನೋಡಿ ಗಾಜಿನ ಮೇಲೆ ಬರೆಯುತ್ತಿದ್ದರು.

ಕಾರ್ಖಾನೆಗೆ ಸೇರಿದ ವರ್ಷ ಬೂಟಮ್ಮ ಮಾಡಿದ್ದು ಇದೇ ತಪ್ಪು. ತಪಾಸಣೆಗೆ ಪೆಟ್ಟಿಗೆಗಳನ್ನು ತೆರೆದಾಗ ಮುಚ್ಚಳಗಳನ್ನು ಪೇರಿಸಿ, ಮೇಲಿನಿಂದ ತೆಗೆತೆಗೆದು ಮುಚ್ಚಿದ್ದಳು. ನಲವತ್ತು ಪೆಟ್ಟಿಗೆ ಅಂಗಡಿಯಿಂದ ವಾಪಸು ಬಂದವು. "ಅಳತೆ ಇರೋದು ಬೂಟಿಗೋ ಮುಚ್ಚಳಕ್ಕೋ ತಾಯಿ?" ಎಂದು ಸೂಪರ್‌ವೈಸರ್ ಎಲ್ಲರೆದುರು ಕೇಳಿದ್ದರು. ಅಂದಿನಿಂದ ಅಲ್ಲಿ ಅಳತೆಯ ಚೀಟಿಯನ್ನು ಪೆಟ್ಟಿಗೆಯ ಮೈಗೆ ಅಂಟಿಸುತ್ತಾರೆ.

ಖಾತ್ರಿ ಇರಲಿಲ್ಲ. ಹದಿನೈದು ಅಡಿ ದೂರದಿಂದ ಅಂಕಿ ಕಾಣುವುದಿಲ್ಲ. ಆದರೆ ಇದು ನಿಜವಾದರೆ, ತಿಂಗಳಿಂದ ಅವಳ ಹೆಸರಿನಲ್ಲಿ ಬರುತ್ತಿದ್ದದ್ದು ಮೊದಲು ಎರಡನೇ ಹಾಸಿಗೆಯಲ್ಲಿ ಹಿಂದೆ ಇದ್ದವರ, ಆಮೇಲೆ ಕಂಡಕ್ಟರ್ ಅಕ್ಕನ ವರದಿ. ಅಕ್ಕನ ಹೆಸರಿನಲ್ಲಿ ಬಂದದ್ದು ಅವಳದು.

ಇನ್ನೊಂದು ವಿಷಯ ಅವಳಿಗೆ ಹೊಳೆಯಲು ಹತ್ತು ನಿಮಿಷ ಹಿಡಿಯಿತು. ಅಕ್ಕ ಬುಧವಾರ ಮನೆಗೆ ಹೋಗುತ್ತಾರೆ. ಗುರುವಾರ ಈ ಕೋಣೆಯಿಂದ ಹೋಗುವುದು ಒಂದೇ ಡಬ್ಬಿ. ಒಂದು ಡಬ್ಬಿಗೆ ಒಂದೇ ಮುಚ್ಚಳ. ಅದು ಅದಲುಬದಲಾಗುವುದು ಸಾಧ್ಯವಿಲ್ಲ. ವರದಿ ಸರಿಯಾಗಿ ಬರುತ್ತದೆ. ಶನಿವಾರದ ಗಾಡಿ ತಪ್ಪುತ್ತದೆ. ಅವಳು ಮಾಡಬೇಕಾದದ್ದು ಏನೂ ಇರಲಿಲ್ಲ. ಎರಡು ದಿನ ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು.

ಕಂಡಕ್ಟರ್ ಅಕ್ಕ ಅಷ್ಟು ಹೊತ್ತಿಗೆ ಬ್ಯಾಗು ತುಂಬುತ್ತಿದ್ದರು. ಹೋಗುತ್ತಿದ್ದದ್ದು ಮಗಳ ಮನೆಗೆ. ಮಗಳಿಗೆ ಮಗು ಹುಟ್ಟಿ ನಲವತ್ತು ದಿನವಾಗಿತ್ತು. ಆಗಲೇ ಕೆಮ್ಮು ಹತ್ತಿದ್ದರಿಂದ ಅಜ್ಜಿ ಇನ್ನೂ ನೋಡಿರಲಿಲ್ಲ. ಫೋನಿನಲ್ಲಿದ್ದ ಫೋಟೋವನ್ನು ಬೂಟಮ್ಮನಿಗೆ ದಿನಕ್ಕೆ ನಾಲ್ಕು ಸಲ ತೋರಿಸುತ್ತಿದ್ದರು.

"ಮೂಗು ನೋಡು, ನನ್ನದೇ. ಪಾಪ, ಏನು ಮಾಡೋದು." ಬ್ಯಾಗಿನ ಜಿಪ್ಪು ಎಳೆದು ಕೆಮ್ಮಿದರು. ಗೋಡೆಯ ಕಡೆ ತಿರುಗಿ ಕೆಮ್ಮುವುದು ಅವರ ರೂಢಿ. "ನಾಳೆ ಇಷ್ಟೊತ್ತಿಗೆ ತೊಡೆ ಮೇಲೆ ಮಲಗಿಸ್ಕೊಂಡಿರ್ತೀನಿ. ಇಳಿಸೋದೇ ಇಲ್ಲ. ಅವರಮ್ಮ ಕೇಳಿದ್ರೆ ಪಾಸ್ ತೋರಿಸು ಅಂತೀನಿ."

ಬೂಟಮ್ಮ ಫೋಟೋ ನೋಡಿ, ಚೆನ್ನಾಗಿದೆ ಎಂದಳು. ಮಧ್ಯಾಹ್ನ ಊಟ ಸೇರಲಿಲ್ಲ. ಐದು ಗಂಟೆಗೆ ಮಗಳ ಫೋನು ಬಂತು. ಮಗಳು ಹಲ್ಲು ಬಿದ್ದ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಎರಡು ಸಲ ಹೇಳಿದಳು. ಬೂಟಮ್ಮ ಫೋನನ್ನು ಒಮ್ಮೆ ಎಡಗಿವಿಗೆ, ಒಮ್ಮೆ ಬಲಗಿವಿಗೆ ಹಿಡಿದು ಕೇಳಿದಳು. ಫೋನಿಟ್ಟವಳು ಅಕ್ಕನ ಹಾಸಿಗೆಯ ಹತ್ತಿರ ಹೋಗಿ ನಿಂತಳು.

"ಅಕ್ಕ, ಒಂದು ಮಾತು ಹೇಳ್ಬೇಕು. ಬೈಕೋಬೇಡಿ."

ಡಬ್ಬಿಗಳನ್ನು ತಂದು, ಮುಚ್ಚಳ ತೆಗೆದು ಹಾಕಿ ತೋರಿಸಿದಳು. ಕಂಡಕ್ಟರ್ ಅಕ್ಕ ನೋಡಿದರು. ಎರಡನೇ ಸಲ ತೋರಿಸುವಾಗ ನೋಡಲಿಲ್ಲ.

"ನಿಂಗೆ ಹೊಟ್ಟೆಕಿಚ್ಚು ಕಣೆ," ಎಂದರು.

"ಇಲ್ಲ ಅಕ್ಕ."

"ಮತ್ತೇನು? ಮೂರು ವಾರ ಒಂದೇ ಕೋಣೇಲಿ ಉಸಿರಾಡಿದೀವಿ. ನಾನು ಹೊರಡೋ ಹೊತ್ತಿಗೆ ನಿನ್ನ ರೋಗ ನನ್ನ ತಲೆಗೆ ಕಟ್ತೀಯಾ? ಲ್ಯಾಬಿನವರೇನು ಕಣ್ಣು ಮುಚ್ಕೊಂಡು ಕೆಲಸ ಮಾಡ್ತಾರಾ? ನೀನೊಬ್ಳು ಬೂಟು ಜೋಡಿಸೋಳು ಕಂಡುಹಿಡಿದುಬಿಟ್ಟೆ!"

"ನಾನು ಸುಮ್ನಿದ್ರೆ ಗುರುವಾರ ನಂದು ಸರಿಯಾಗೇ ಬರತ್ತೆ ಅಕ್ಕ. ನೀವಿಲ್ಲದಿದ್ರೆ ಒಂದೇ ಡಬ್ಬಿ. ನಂಗೆ ಇದನ್ನ ಹೇಳಿ ಆಗಬೇಕಾದ್ದೇನೂ ಇಲ್ಲ."

"ಹಾಗಿದ್ರೆ ಸುಮ್ನಿರು!"

ಬೂಟಮ್ಮ ಕಿಂಡಿಯ ಹತ್ತಿರದ ಗಂಟೆ ಒತ್ತಿದಳು. ನರ್ಸ್ ಬರಲು ಇಪ್ಪತ್ತು ನಿಮಿಷವಾಯಿತು. ಅವರು ಮಾಸ್ಕಿನ ಹಿಂದೆ ಪೂರ್ತಿ ಕೇಳಿಸಿಕೊಂಡರು.

"ನೋಡಮ್ಮ," ಎಂದರು ಕೊನೆಗೆ, "ಕ್ರಿಮಿ ಇದೆ ಅಂತ ಬಂದಾಗ ಎಲ್ಲರೂ ಹೀಗೇ ಹೇಳ್ತಾರೆ. ಹೋದ ವರ್ಷ ಒಬ್ಬರು ಎಕ್ಸ್‌ರೇನಲ್ಲಿರೋದು ತನ್ನ ಎದೆನೇ ಅಲ್ಲ ಅಂದಿದ್ರು."

"ಒಂದು ಸಲ ಡಬ್ಬಿ ಮೈ ಮೇಲೆ ಬರೆದು ಕಳಿಸಿ ಸಿಸ್ಟರ್. ಅಷ್ಟೇ ಕೇಳ್ತಿರೋದು."

"ನಿಮ್ಮ ಪರೀಕ್ಷೆ ಗುರುವಾರ. ಅವರದು ಮುಗೀತು."

ನರ್ಸ್ ಅವಳ ಕೇಸ್ ಹಾಳೆಯ ಮೇಲೆ ಬರೆದರು: ರೋಗಿ ವರದಿಯನ್ನು ಒಪ್ಪುತ್ತಿಲ್ಲ, ಆಪ್ತ ಸಲಹೆ ಅಗತ್ಯ. ಬರೆದದ್ದು ಕಿಂಡಿಯಿಂದ ತಲೆಕೆಳಗಾಗಿ ಕಂಡರೂ ಬೂಟಮ್ಮ ಅದನ್ನು ಓದಿದಳು. ಇನ್ನು ಹೆಚ್ಚು ಹೇಳಿದರೆ ಆ ಸಾಲನ್ನೇ ಖಚಿತ ಮಾಡಿದಂತಾಗುತ್ತಿತ್ತು. ಏನೂ ಹೇಳದಿದ್ದರೆ ಒಪ್ಪಿಕೊಂಡಂತೆ. ಕಿಂಡಿ ಮುಚ್ಚಿತು.

ಹಾಸಿಗೆಗಳ ನಡುವೆ ನಾಲ್ಕು ಅಡಿ. ಆ ರಾತ್ರಿ ಇಬ್ಬರೂ ಒಬ್ಬರಿಗೊಬ್ಬರು ಬೆನ್ನು ಹಾಕಿ ಊಟ ಮಾಡಿದರು. ಬೆನ್ನು ಹಾಕುವುದಕ್ಕಿಂತ ದೂರ ಹೋಗಲು ಅಲ್ಲಿ ಜಾಗವಿರಲಿಲ್ಲ.

ಬುಧವಾರ ಬೆಳಿಗ್ಗೆ ಏಳಕ್ಕೆ ಕಂಡಕ್ಟರ್ ಅಕ್ಕ ಎದ್ದು, ದಿನವೂ ಮಾಡುವಂತೆ ದಿಂಬನ್ನು ತಿರುಗಿಸಿ ಹಾಕಿದರು. ರಾತ್ರಿಯ ಬೆವರಿಗೆ ಒದ್ದೆಯಾದ ಮಗ್ಗುಲು ಕೆಳಗೆ ಹೋಯಿತು. ತಲೆಯೆತ್ತಿದಾಗ ಬೂಟಮ್ಮ ನೋಡುತ್ತಿದ್ದಳು.

"ಸೆಕೆ," ಎಂದರು ಅಕ್ಕ.

ಫ್ಯಾನಿನ ಗಾಳಿಗೆ ಬೂಟಮ್ಮ ಕಂಬಳಿ ಹೊದ್ದಿದ್ದಳು.

ಹತ್ತೂವರೆಗೆ ಕೆಳಗಿನಿಂದ ಯಾರೋ "ಅಮ್ಮಾ" ಎಂದು ಕೂಗಿದರು. ಅಕ್ಕನ ಮಗಳು ಅಂಗಳದಲ್ಲಿ ನಿಂತಿದ್ದಳು. ಮನೆಯಲ್ಲೇ ಇರು ಎಂದು ಹೇಳಿದ್ದರೂ ಟ್ಯಾಕ್ಸಿ ಮಾಡಿಕೊಂಡು ಬಂದಿದ್ದಳು, ಮಗುವಿನ ಸಮೇತ. ಮೇಲಿನಿಂದ ಕಂಡದ್ದು ಹಳದಿ ಬಟ್ಟೆಯ ಒಂದು ಗಂಟು, ಅದರ ತುದಿಯಲ್ಲಿ ಕಪ್ಪು ಕೂದಲು.

ಕಂಡಕ್ಟರ್ ಅಕ್ಕ ಎರಡು ಕೈಯಲ್ಲೂ ಸರಳು ಹಿಡಿದು ನಿಂತರು. ಏನೋ ಕೂಗಲು ಬಾಯಿ ತೆರೆದರು, ಕೆಮ್ಮು ಬಂತು. ಗೋಡೆಯ ಕಡೆ ತಿರುಗಿ ಕೆಮ್ಮಿದರು. ಈ ಸಲ ಬಹಳ ಹೊತ್ತು ನಿಲ್ಲಲಿಲ್ಲ. ನಿಂತ ಮೇಲೆ ಸೆರಗಿನಿಂದ ಬಾಯಿ ಒರೆಸಿಕೊಂಡು ಸೆರಗನ್ನು ನೋಡಿದರು. ಮತ್ತೆ ಕಿಟಕಿಯ ಹತ್ತಿರ ಹೋಗಲಿಲ್ಲ.

ಹನ್ನೊಂದಕ್ಕೆ ಡಾಕ್ಟರ್ ಬಂದರು. ಚಿಲಕ ತೆಗೆದು ಹೊಸ್ತಿಲಲ್ಲಿ ನಿಂತರು. ಪಕ್ಕದಲ್ಲಿ ನರ್ಸ್, ಕೈಯಲ್ಲಿ ಬಿಡುಗಡೆಯ ಹಾಳೆ.

"ಹೊರಡೋಣ್ವಾ?" ಎಂದರು ಡಾಕ್ಟರ್.

"ಇಲ್ಲ," ಎಂದರು ಕಂಡಕ್ಟರ್ ಅಕ್ಕ.

"ಯಾಕೆ?"

"ನನ್ನ ಕಫ ಇನ್ನೊಂದು ಸಲ ನೋಡಿ. ಇವಳದೂ ನೋಡಿ. ಡಬ್ಬಿ ಮೇಲೆ ಹೆಸರು ಬರೆದು ನೋಡಿ."

ಡಾಕ್ಟರ್ ನರ್ಸ್ ಕಡೆ ನೋಡಿದರು. ನರ್ಸ್ ಕೇಸ್ ಹಾಳೆಯ ಸಾಲನ್ನು ಬೆರಳಿಟ್ಟು ತೋರಿಸಿದರು. ಡಾಕ್ಟರ್ ಬೂಟಮ್ಮನ ಕಡೆ ತಿರುಗಿದರು. "ಇವರಿಗೂ ನೀವು ಹೇಳಿದ್ರಾ ಇದನ್ನ?"

"ಅವಳನ್ನ ಬಿಡಿ ಡಾಕ್ಟ್ರೇ, ಕೇಳ್ತಿರೋದು ನಾನು," ಎಂದರು ಅಕ್ಕ. ದನಿ ಬಸ್ಸಿನ ಹಿಂದಿನ ಸೀಟಿಗೂ ಕೇಳಿಸುವಷ್ಟು ಏರಿತು. "ಇಪ್ಪತ್ತಾರು ವರ್ಷದಲ್ಲಿ ಟಿಕೆಟ್ ಇಲ್ದೇ ಹತ್ತಿ, ಇಳಿಯಲ್ಲ ಅಂದೋರನ್ನ ನೂರಾರು ಜನ ನೋಡಿದೀನಿ. ಬಾಗಿಲು ತೆಗೆದ್ರೂ ಇಳಿಯಲ್ಲ ಅನ್ನೋಳು ನಾನೊಬ್ಳೇ. ಅದಕ್ಕೇನಾದ್ರೂ ಕಾರಣ ಇರ್ಬೇಕಲ್ವಾ? ಕೆಳಗೆ ನಲವತ್ತು ದಿನದ ಮಗು ಇದೆ. ಸಹಿ ಹಾಕೋ ಮುಂಚೆ ಆ ದಿಂಬು ಮುಟ್ಟಿ ನೋಡಿ."

ಡಾಕ್ಟರ್ ಕೈಗವಸು ಹಾಕಿಕೊಂಡು ಒಳಗೆ ಬಂದರು. ದಿಂಬನ್ನು ತಿರುಗಿಸಿ ಮುಟ್ಟಿ ನೋಡಿದರು. ತೂಕದ ಪಟ್ಟಿ ತರಿಸಿ ಎರಡೂ ಹಾಸಿಗೆಯ ಅಂಕಿಗಳನ್ನು ಓದಿದರು. ಆಮೇಲೆ ಬೂಟಮ್ಮನಿಗೆ, "ಆ ಮುಚ್ಚಳದ್ದು ನಂಗೂ ತೋರಿಸಿ," ಎಂದರು.

ಹನ್ನೊಂದು ನಲವತ್ತಕ್ಕೆ ಎರಡು ಡಬ್ಬಿಗಳು ಲ್ಯಾಬಿಗೆ ಹೋದವು. ಅಳಿಸದ ಪಟ್ಟಿ ಅಂಟಿಸಿ ಡಬ್ಬಿಯ ಮೈಮೇಲೆ ಬರೆದಿತ್ತು. ಮುಚ್ಚಳದ ಮೇಲೂ ಎಂದಿನಂತೆ ಬರೆಯಿರಿ, ಲ್ಯಾಬಿಗೆ ಏನೂ ಹೇಳಬೇಡಿ ಎಂದು ಡಾಕ್ಟರ್ ಹೇಳಿದ್ದರು. ಬೂಟಮ್ಮ ಕಿಟಕಿಯಲ್ಲಿ ನಿಂತು ನೋಡಿದಳು. ಟೆಕ್ನೀಷಿಯನ್ ಪಕ್ಕದಲ್ಲಿ ಡಾಕ್ಟರ್ ಬೇರೇನೋ ಕೆಲಸವಿರುವವರಂತೆ ನಿಂತಿದ್ದರು. ಎರಡು ಮುಚ್ಚಳ ತೆರೆದವು, ಒಂದರ ಮೇಲೊಂದು ಕೂತವು. ಗಾಜಿಗೆ ಸವರಿಯಾಯಿತು. ಮುಚ್ಚಳಗಳು ಡಬ್ಬಿಗೆ ಮರಳಿದವು. ಆಗ ಡಾಕ್ಟರ್ ಎರಡೂ ಡಬ್ಬಿಗಳನ್ನು ಕೈಗೆತ್ತಿಕೊಂಡು, ಮೈಮೇಲಿನ ಪಟ್ಟಿಯನ್ನೂ ಮುಚ್ಚಳವನ್ನೂ ಟೆಕ್ನೀಷಿಯನ್ ಮುಖದ ಮುಂದೆ ಹಿಡಿದರು. ಟೆಕ್ನೀಷಿಯನ್ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು. ಆಮೇಲೆ ಸ್ಟೂಲಿನ ಮೇಲೆ ಕೂತರು. ಏನು ಮಾತಾಡಿದರೆಂಬುದು ಕೇಳಿಸಲಿಲ್ಲ.

ಮಗಳು ಮಗುವಿನೊಂದಿಗೆ ಮಧ್ಯಾಹ್ನ ಒಂದಕ್ಕೆ ವಾಪಸು ಹೋದಳು.

ಸಂಜೆ ನಾಲ್ಕಕ್ಕೆ ಡಾಕ್ಟರೇ ಕಿಂಡಿಯ ಹತ್ತಿರ ಬಂದು ಓದಿದರು. ಒಂದನೇ ಹಾಸಿಗೆ: ಕ್ರಿಮಿ ಇಲ್ಲ. ಎರಡನೇ ಹಾಸಿಗೆ: ಕ್ರಿಮಿ ಇದೆ, ಹೆಚ್ಚಿದೆ. ಗಂಡಸರ ಕೋಣೆಯಿಂದ ಮೂರು ಡಬ್ಬಿ ಹೋಗುತ್ತಿದ್ದವು. ಮೂರು ಮುಚ್ಚಳ ಪೇರಿಸಿದರೆ ನಡುವಿನದು ತನ್ನ ಡಬ್ಬಿಗೇ ಮರಳುತ್ತದೆ, ಹಾಗಾಗಿ ಅಲ್ಲಿ ತಿಂಗಳಿಡೀ ನಡುವಿನ ಹಾಸಿಗೆಯವರ ವರದಿ ಮಾತ್ರ ಸರಿಯಾಗಿತ್ತು. ಉಳಿದಿಬ್ಬರಲ್ಲಿ ಒಬ್ಬರು ಮನೆಗೆ ಹೋಗಿ, ಅವರ ಹಾಸಿಗೆಗೆ ಬೇರೊಬ್ಬರು ಬಂದು ಹತ್ತು ದಿನವಾಗಿತ್ತು. ಮನೆಗೆ ಹೋದವರನ್ನು ಹುಡುಕಿ ಕರೆತರಲು ಆಗಲೇ ಜನ ಹೋಗಿದ್ದರು.

"ಹಾಗಾದ್ರೆ ನಾನು ಹೋಗಬಹುದಾ ಡಾಕ್ಟ್ರೇ?" ಎಂದಳು ಬೂಟಮ್ಮ.

"ಎರಡು ಸಲ ಬೇಕಮ್ಮ. ಇವತ್ತಿಂದು ಒಂದು, ನಾಳೆ ಗುರುವಾರದ್ದರ ಬದಲಿಗೆ ಇದೇ. ಇನ್ನೊಂದು ಸೋಮವಾರ."

"ಅಕ್ಕನ ಹೆಸರಲ್ಲಿ ಬಂದಿದ್ವಲ್ಲ ಎರಡು? ಅವು ನಂದೇ ಅಲ್ವಾ?"

"ನಂದೂ ಅದೇ ನಂಬಿಕೆ. ಆದ್ರೆ ಆ ಗಾಜುಗಳನ್ನ ಬಿಸಾಕಿದಾರೆ. ನಂಬಿಕೆ ಮೇಲೆ ಸಹಿ ಹಾಕಕ್ಕಾಗಲ್ಲ. ಹಾಕಿದ್ದಕ್ಕೇ ಅಲ್ವಾ ಇಷ್ಟೆಲ್ಲ ಆಗಿದ್ದು."

ಡಾಕ್ಟರ್ ಎರಡನೇ ಹಾಸಿಗೆಯ ಕಡೆ ನೋಡಿದರು. ಈ ಮೂರು ವಾರದಲ್ಲಿ ಕ್ರಿಮಿ ಒಂದು ಸಲವೂ ಕಡಿಮೆಯಾಗಿರಲಿಲ್ಲ, ತೂಕ ಇಳಿದಿತ್ತು. ಕಾಯಿಲೆ ಮಾತ್ರೆಗೆ ಬಗ್ಗದ ಜಾತಿಯದೆಂದು ಅನುಮಾನವಿದೆ, ಅದನ್ನು ಖಚಿತಪಡಿಸುವ ಪರೀಕ್ಷೆ ಇರುವುದು ದೊಡ್ಡ ಆಸ್ಪತ್ರೆಯಲ್ಲಿ ಎಂದರು. ಶನಿವಾರದ ಗಾಡಿ ಗೊತ್ತಾಗಿದೆ, ಬಿಟ್ಟರೆ ಮತ್ತೆ ಸಿಗುವುದು ತಿಂಗಳಾದ ಮೇಲೆ ಎಂದೂ ಹೇಳಿದರು.

"ಇಂಜೆಕ್ಷನ್ನಾ?" ಎಂದರು ಕಂಡಕ್ಟರ್ ಅಕ್ಕ.

"ಪರೀಕ್ಷೆ ನೋಡ್ಕೊಂಡು ಹೇಳ್ತಾರೆ. ಬೇಕಾಗಬಹುದು."

ಕಿಂಡಿ ಮುಚ್ಚಿದ ಮೇಲೆ ಅಕ್ಕ ತುಂಬಿಟ್ಟ ಬ್ಯಾಗನ್ನು ಮಂಚದ ಕೆಳಗೆ ಕಾಲಿನಿಂದ ತಳ್ಳಿದರು. ಬೂಟಮ್ಮ ಎದುರು ಹಾಸಿಗೆಯ ಅಂಚಿಗೆ ಕೂತಿದ್ದಳು.

"ಅಕ್ಕ, ನಾನು..."

"ಬಾಯ್ಮುಚ್ಚೆ. ಅಳಬೇಡ, ನೀನು ಅತ್ರೆ ನಾನೂ ಅಳಬೇಕಾಗತ್ತೆ, ನಂಗೆ ಕೆಮ್ಮು ಬರತ್ತೆ." ಆಮೇಲೆ ಕೇಳಿದರು, "ನೀನು ನಿಜವಾಗ್ಲೂ ಸುಮ್ನಿರಬಹುದಿತ್ತಾ? ಗುರುವಾರ ತಾನಾಗೇ ಸರಿಹೋಗ್ತಿತ್ತಾ?"

"ಹೂಂ."

"ನಿನ್ನೆ ಎಷ್ಟು ಹೊತ್ತು ಸುಮ್ನಿದ್ದೆ?"

"ಬೆಳಿಗ್ಗೆಯಿಂದ ಸಂಜೆ ಐದರವರೆಗೆ."

ಕಂಡಕ್ಟರ್ ಅಕ್ಕ ಅದನ್ನು ಕೇಳಿ ತಲೆಯಾಡಿಸಿದರು. "ನಾನಾಗಿದ್ರೆ," ಎಂದು ಶುರು ಮಾಡಿದವರು ಮಾತು ಮುಗಿಸಲಿಲ್ಲ.

ಆಂಬುಲೆನ್ಸ್ ಶನಿವಾರ ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ ಹೊರಟಿತು. ಅದರಲ್ಲಿ ಕಂಡಕ್ಟರ್ ಅಕ್ಕ ಇದ್ದರು. ಸೋಮವಾರ ಟೆಕ್ನೀಷಿಯನ್ನರನ್ನು ತರಬೇತಿಗೆ ಕಳಿಸಿದ್ದರಿಂದ ಪರೀಕ್ಷೆ ನಡೆಯಲಿಲ್ಲ. ಆ ವಾರದ ಗುರುವಾರದ ಪರೀಕ್ಷೆಯಲ್ಲಿ ಬೂಟಮ್ಮನ ಕಫದಲ್ಲಿ ಕ್ರಿಮಿ ಇರಲಿಲ್ಲ. ಸಹಿ ಹಾಕಲು ಡಾಕ್ಟರ್ ಬಂದದ್ದು ಅದರ ಮುಂದಿನ ಬುಧವಾರ. ಅಂದು ಹನ್ನೊಂದೂವರೆಗೆ ಅವಳನ್ನು ಮನೆಗೆ ಕಳಿಸಿದರು.